ನಿಲ್ಲದ ಬೆಣ್ಣೆಯ ಪುಟ್ಟತಾಯಮ್ಮ

ಪುಟ್ಟತಾಯಮ್ಮ ಯಾರಿಗೂ ಬೆಣ್ಣೆಯನ್ನು ಅಂಗೈಗೆ ಹಾಕುತ್ತಿರಲಿಲ್ಲ. "ಕೈ ಬೋರಲು ಹಾಕು" ಎನ್ನುತ್ತಿದ್ದರು. ಹಾಕಿದರೆ, ನೆಲ್ಲಿಕಾಯಿ ಗಾತ್ರದ ಉಂಡೆಯೊಂದನ್ನು ಕೈಯ ಹಿಂಬದಿಗೆ ಅಂಟಿಸಿ, ಸೊಂಟಕ್ಕೆ ಕೈಕೊಟ್ಟು ನಿಂತು, ನಮ್ಮ ಮುಖವನ್ನಲ್ಲ, ಆ ಉಂಡೆಯನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಉಂಡೆಯ ಬುಡ ಮಿರುಗತೊಡಗುತ್ತಿತ್ತು. ಆಮೇಲೆ ಅದು ಬೆರಳಿನ ಗೆಣ್ಣುಗಳ ಕಡೆಗೆ ನಿಧಾನವಾಗಿ ಜಾರುತ್ತಿತ್ತು. ಆಗ ಅವರ ಮುಖದ ಮೇಲೆ ಗೆದ್ದ ಕಳೆ.

"ಅಂಗೈ ಬಿಸಿ ಇರ್ತದೆ ಕಣವ್ವ. ಯಾವ್ ಬೆಣ್ಣೆ ಹಾಕುದ್ರೂ ಕರಗಿಸ್ಬುಡ್ತದೆ. ಕೈ ಹಿಂದುಗಡೆ ತಣ್ಣಗಿರ್ತದೆ. ಅಲ್ಲಿ ಕರಗ್ಬೇಕು. ಅಲ್ಲಿ ಕರಗ್ದೆ ಕೂತಿರೋದು ಬೆಣ್ಣೆ ಅಲ್ಲ, ಗಾರೆ."

ಮೊದಲ ಸಲ ಬೆಣ್ಣೆ ಕೊಳ್ಳಲು ಬಂದವರಿಗೆಲ್ಲ ಇದು ಆಗಲೇಬೇಕು. ಬೆಣ್ಣೆಯ ಪರೀಕ್ಷೆ ನಡೆಯುತ್ತಿದೆ ಎಂದು ಅವರು ತಿಳಿಯುತ್ತಿದ್ದರು. ಪರೀಕ್ಷೆ ನಡೆಯುತ್ತಿದ್ದದ್ದು ಅವರದೇ. ಕಾಯಲಾರದೆ ನಡುವೆಯೇ ನೆಕ್ಕಿಬಿಟ್ಟವರಿಗೆ ಪುಟ್ಟತಾಯಮ್ಮ ಮತ್ತೆ ಬೆಣ್ಣೆ ಕೊಡುತ್ತಿರಲಿಲ್ಲ. "ನಾಳೆ ಬನ್ನಿ" ಎಂದು ನಗುನಗುತ್ತಲೇ ವರ್ಷಗಟ್ಟಲೆ ವಾಪಸು ಕಳಿಸಿದ್ದನ್ನು ಕಂಡಿದ್ದೇನೆ.

ಅವರ ಮನೆ ಸಿದ್ಧಾರ್ಥನಗರದ ಅಂಚಿನಲ್ಲಿ, ನಮ್ಮ ಹಿತ್ತಿಲ ಗೋಡೆಯ ಆಚೆಗಿತ್ತು. ಬಡಾವಣೆಯಲ್ಲಿ ಅವರ ಮನೆ ಇತ್ತು ಎನ್ನುವುದಕ್ಕಿಂತ, ಅವರ ಮನೆಯ ಸುತ್ತ ಬಡಾವಣೆ ಬಂದು ನಿಂತಿತ್ತು ಎನ್ನುವುದು ಸರಿ. ಹೆಂಚಿನ ಮನೆ, ಪಕ್ಕದಲ್ಲಿ ಕೊಟ್ಟಿಗೆ, ನಾಲ್ಕು ಹಸು. ಗಂಡ ಎಂದೋ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಯಾರಾದರೂ ಮರುಕದ ದನಿಯಲ್ಲಿ ಆ ಮಾತೆತ್ತಿದರೆ, "ಅವೆಯಲ್ಲ ನಾಕು, ಕಾಣಲ್ವಾ?" ಎಂದು ಕೊಟ್ಟಿಗೆಯ ಕಡೆ ಗಲ್ಲ ಎತ್ತುತ್ತಿದ್ದರು. ಎತ್ತರದ ಆಳು. ರವಿಕೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ. ಕನ್ನಡಕದ ಮುರಿದ ಕಡ್ಡಿಗೆ ಹುರಿಹಗ್ಗದ ಎಳೆ ಸುತ್ತಿರುತ್ತಿದ್ದರು. ಹೊಸದು ತೆಗೆದುಕೊಳ್ಳಿ ಎಂದರೆ, "ಗಾಜು ಚೆನ್ನಾಗದೆ, ಕಡ್ಡೀಲಿ ಏನ್ ನೋಡ್ಬೇಕು ನಾನು" ಎನ್ನುತ್ತಿದ್ದರು.

ಬೆಳಗಿನ ಹಾಲು ಕರೆದು, ಮನೆಮನೆಗೆ ಹಾಕಿ, ಹಸುಗಳನ್ನು ಬಿಟ್ಟುಕೊಂಡು ಅವರು ಬೆಟ್ಟದ ತಪ್ಪಲಿನ ಕಡೆಗೆ ಹೊರಡುತ್ತಿದ್ದರು. ದಾರಿಯುದ್ದಕ್ಕೂ ಖಾಲಿ ಸೈಟುಗಳು. ಅಲ್ಲೆಲ್ಲ ಒಂದೊಂದು ಗಳಿಗೆ ನಿಲ್ಲುವುದು ಹಸುಗಳ ವಾಡಿಕೆ. ಹೊಸದಾಗಿ ಸೈಟು ಕೊಂಡಿದ್ದ ನಿವೃತ್ತ ಎಂಜಿನಿಯರೊಬ್ಬರು ಒಂದು ದಿನ ಸ್ಕೂಟರು ನಿಲ್ಲಿಸಿ ಅಡ್ಡ ಬಂದರು. ನಾನು ಬಸ್ಸಿಗೆ ಕಾಯುತ್ತಿದ್ದೆ.

"ನೋಡಿ ಇವ್ರೇ, ನಿಮ್ಮ ಹಸು ನಮ್ಮ ಸೈಟಲ್ಲಿ ಮೇಯ್ತಿದೆ ಕಣ್ರೀ."

"ಆ ಸೈಟು ನಿಮ್ದಾ ಸ್ವಾಮಿ? ಒಳ್ಳೇದಾಯ್ತು ಸಿಕ್ಕಿದ್ರಿ. ಅಲ್ಲಿ ಒಂದು ಜೋಡಿ ನಾಗರಹಾವವೆ, ಯಾರವು ಅಂತ ಕೇಳ್ತಾ ಇದ್ದೆ."

"ಹಾವು ನಂದ್ಯಾಕಾಗುತ್ತೆ? ತಾವಾಗೇ ಬಂದಿರೋದು."

"ಹುಲ್ಲೂ ತಾನಾಗೇ ಬಂದಿರೋದೆಯ. ಅದೆಂಗೆ ನಿಮ್ದಾಯ್ತು?"

ಎಂಜಿನಿಯರು ಸ್ಕೂಟರು ಹತ್ತಿದರು. ಮುಂದಿನ ತಿಂಗಳಿನಿಂದ ಅವರ ಮನೆಗೂ ಪುಟ್ಟತಾಯಮ್ಮನವರ ಹಾಲೇ ಹೋಗುತ್ತಿತ್ತು.

ನಾನು ರಸಾಯನಶಾಸ್ತ್ರದಲ್ಲಿ ಎಂಎಸ್‌ಸಿ ಮುಗಿಸಿ, ಎಣ್ಣೆ ತುಪ್ಪಗಳನ್ನು ಪರೀಕ್ಷೆ ಮಾಡುವ ಒಂದು ಖಾಸಗಿ ಲ್ಯಾಬಿಗೆ ಸೇರಿದಾಗ ಅವರಿಗೆ ಅದನ್ನು ವಿವರಿಸಲು ಹೋದೆ.

"ಏನ್ ಕೆಲ್ಸವವ್ವ?"

"ಕೊಬ್ಬಿನ ಪರೀಕ್ಷೆ ಅಜ್ಜಿ."

"ಅದಕ್ಕೆ ಅಷ್ಟ್ ದೂರ ಯಾಕೋಗ್ತೀಯ? ನಮ್ ಬೀದೀಲೇ ಬೇಕಾದಷ್ಟು ಜನ ಅವ್ರೆ."

ನಾನು ನಗಲಿಲ್ಲ ಎಂದು ಅವರಿಗೆ ಬೇಜಾರು. ನನಗೆ ನಗು ಬೇಗ ಬರುವುದಿಲ್ಲ, ಬಂದರೂ ಹೊರಗೆ ಕಾಣುವುದಿಲ್ಲ. ಅದಕ್ಕೆ ಅವರಿಟ್ಟ ಹೆಸರು "ಫ್ರಿಜ್ಜಿನ ಬೆಣ್ಣೆ". ಗೋಡೆಯಾಚೆಯಿಂದ ನಮ್ಮ ತಾಯಿಯನ್ನು ಕೂಗಿ ಕೇಳುತ್ತಿದ್ದರು, "ನಿಮ್ ಫ್ರಿಜ್ಜಿನ್ ಬೆಣ್ಣೆ ಕೆಲ್ಸಕ್ಕೋಯ್ತಾ?"

ಇಲ್ಲಿ ಗುರುಮಲ್ಲಪ್ಪನವರ ವಿಷಯ ಹೇಳಬೇಕು. ಮುಖ್ಯರಸ್ತೆಯಲ್ಲಿ ಅವರದು ಹಿಂಡಿ, ಬೂಸ ಮಾರುವ ಅಂಗಡಿ. ನಮಗೆ ನೆಂಟರು, ವಾವೆಯಲ್ಲಿ ನನಗೆ ದೊಡ್ಡಪ್ಪ. ಬೀದಿಯ ಆಂಜನೇಯನ ಗುಡಿಯ ಸಮಿತಿಗೆ ಅವರೇ ಅಧ್ಯಕ್ಷರು. ಹಣೆಯ ವಿಭೂತಿ ಸಂಜೆಯಾದರೂ ಅಳಿಸದಂಥ ಅಚ್ಚುಕಟ್ಟಿನ ಮನುಷ್ಯ. ಪುಟ್ಟತಾಯಮ್ಮ ಅಂಗಡಿಯ ಮುಂದೆ ಹಾದುಹೋದಾಗಲೆಲ್ಲ ಅವರು ಒಂದೇ ಮಾತು ಹೇಳುತ್ತಿದ್ದರು: "ಹತ್ತಿಕಾಳು ಹಿಂಡಿ ಹಾಕಿ ನೋಡಿ ಅಜ್ಜಿ. ಹಾಲು ಏರುತ್ತೆ, ಫ್ಯಾಟು ಏರುತ್ತೆ. ಬೆಟ್ಟದ ಹುಲ್ಲಲ್ಲಿ ಏನಿದೆ?" ಪುಟ್ಟತಾಯಮ್ಮ ಬೇಸಿಗೆಯಲ್ಲಿ ಸ್ವಲ್ಪ ಕೊಳ್ಳುತ್ತಿದ್ದರು. ಮಳೆಗಾಲದಲ್ಲೂ ರಾತ್ರಿಗೆ ಒಂದು ಹಿಡಿ ಹಾಕುತ್ತಿದ್ದರು. ಒಂದು ವರ್ಷ ಮೂಟೆಯೊಂದರಲ್ಲಿ ಬೂಷ್ಟು ಹಿಡಿದ ಹಿಂಡಿ ಬಂತು. ಮಾತಿಗೆ ಮಾತು ಬೆಳೆಯಿತು. ಮೂಟೆಯನ್ನು ಅಂಗಡಿಯ ಮೆಟ್ಟಿಲ ಮೇಲೆ ಸುರಿದು ಬಂದವರು, ಅಲ್ಲಿಗೆ ಹಿಂಡಿಯನ್ನೇ ಬಿಟ್ಟರು.

ಆ ವರ್ಷ ಮಳೆ ಬೇಗ ಬಂತು. ತಪ್ಪಲಿನಲ್ಲಿ ಹುಲ್ಲು ಮೊಣಕಾಲೆತ್ತರ. ಹಸುಗಳು ಬೆಳಗಿನಿಂದ ಸಂಜೆವರೆಗೆ ಎಳೆ ಹುಲ್ಲನ್ನೇ ಮೇದು, ಹೊಟ್ಟೆ ಬಿರಿಯುವಂತೆ ಬರುತ್ತಿದ್ದವು. ಬೆಣ್ಣೆ ಹೊನ್ನಾವರೆ ಹೂವಿನ ಹಳದಿ ಬಣ್ಣಕ್ಕೆ ತಿರುಗಿತ್ತು.

ಗುಡಿಯಲ್ಲಿ ಶ್ರಾವಣದ ಶನಿವಾರಗಳಂದು ಆಂಜನೇಯನಿಗೆ ಬೆಣ್ಣೆ ಅಲಂಕಾರ. ಕಲ್ಲಿನ ಮೇಲೆ ಉಬ್ಬಿಸಿ ಕೆತ್ತಿದ ಚಿಕ್ಕ ಮೂರ್ತಿ. ಬಲಗೈ ಮೇಲೆತ್ತಿದೆ, ಎಡಗೈ ಸೊಂಟದ ಮೇಲಿದೆ. ಅರ್ಚಕರು ಕೈಯನ್ನು ತಣ್ಣೀರಿನಲ್ಲಿ ಅದ್ದಿ ಅದ್ದಿ ಮೈತುಂಬ ಬೆಣ್ಣೆ ಮೆತ್ತಿ, ಕಪ್ಪು ದ್ರಾಕ್ಷಿಯಲ್ಲಿ ಹಾರ ಬಿಡಿಸಿ, ಗೋಡಂಬಿಯಲ್ಲಿ ಕಿರೀಟದ ಅಂಚು ಕಟ್ಟುತ್ತಾರೆ. ಆ ಬೆಣ್ಣೆ ಪುಟ್ಟತಾಯಮ್ಮನವರ ಕೊಟ್ಟಿಗೆಯಿಂದ ಬರುವುದು ಗುಡಿಗೆ ತಗಡಿನ ಸೂರು ಇದ್ದ ಕಾಲದಿಂದಲೂ ನಡೆದುಬಂದದ್ದು. ದುಡ್ಡು ಮುಟ್ಟುತ್ತಿರಲಿಲ್ಲ. ಅವರು ಬೇರೆ ಪೂಜೆ, ವ್ರತ ಏನೂ ಮಾಡಿದವರಲ್ಲ. ಇದೊಂದು ಅವರದು.

ಆ ಶ್ರಾವಣಕ್ಕೆ ಸಮಿತಿಯವರು ಗರ್ಭಗುಡಿಯ ಬಾಗಿಲಿಗೆ ಎರಡು ದೊಡ್ಡ ಫೋಕಸ್ ಲೈಟು ಹಾಕಿಸಿದ್ದರು. ಫೋಟೊ ಚೆನ್ನಾಗಿ ಬರಲಿ ಎಂದು. ಮೊದಲ ಶನಿವಾರ, ಮಂಗಳಾರತಿಯ ಹೊತ್ತು, ಜನ ಕಿಕ್ಕಿರಿದಿದ್ದರು. ಘಂಟೆ ಬಾರಿಸುತ್ತಿರುವಾಗ ಆಂಜನೇಯನ ಬಲಭುಜದ ಬೆಣ್ಣೆ, ಶಾಲು ಜಾರಿದಂತೆ, ಸದ್ದಿಲ್ಲದೆ ಜಾರಿತು. ಹಿಂದೆಯೇ ಎದೆಯ ಬೆಣ್ಣೆ, ದ್ರಾಕ್ಷಿಯ ಹಾರದ ಸಮೇತ. ಒಳಗಿನ ಕಪ್ಪು ಕಲ್ಲು ಕಂಡಿತು. ಘಂಟೆ ನಿಂತಿತು. ಯಾರೋ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿದ್ದರು.

ಗುರುಮಲ್ಲಪ್ಪನವರು ಕೆಳಗೆ ಬಿದ್ದ ಬೆಣ್ಣೆಯನ್ನು ಬೆರಳಿನಲ್ಲಿ ಉಜ್ಜಿ ನೋಡಿದರು. ಅದು ಬೆರಳಿನ ಮೇಲೆ ನೀರಾಯಿತು.

"ಎಣ್ಣೆ ಬೆರೆಸಿದ್ದಾರೆ. ಶುದ್ಧ ಬೆಣ್ಣೆ ಹೀಗೆ ಜಾರಲ್ಲ" ಎಂದರು. ಕಿರುಚಿ ಹೇಳಲಿಲ್ಲ. ಹಾಗೆ ಮೆಲ್ಲಗೆ ಹೇಳಿದ್ದರಿಂದಲೇ ಎಲ್ಲರೂ ನಂಬಿದರು.

ಪುಟ್ಟತಾಯಮ್ಮ ಕಂಬದ ಪಕ್ಕದಲ್ಲಿದ್ದರು. "ಏನಂದ್ರಿ?" ಎಂದರು. ಪಾತ್ರೆ ಎತ್ತಿಕೊಂಡು, ಜನರ ನಡುವೆಯೇ, ತಲೆ ತಗ್ಗಿಸದೆ ಹೊರಟರು. ಸಂಜೆಯೊಳಗೆ ಆ ವಿಡಿಯೊ ಬಡಾವಣೆಯ ವಾಟ್ಸ್ಯಾಪ್ ಗುಂಪಿನಲ್ಲಿತ್ತು. ಕೆಳಗೆ ಯಾರೋ ಬರೆದಿದ್ದರು: ದೇವರಿಗೇ ಹೀಗೆ, ನಮಗೆ ಕೊಡುವ ಹಾಲು ಇನ್ನು ಹೇಗೋ. ಮರುದಿನ ಬೆಳಿಗ್ಗೆ ಅವರು ಹಾಲು ಹಾಕಲು ಹೋದ ಹಲವು ಮನೆಗಳ ಗೇಟಿಗೆ ಪಾತ್ರೆ ಬಂದಿರಲಿಲ್ಲ.

ನಮ್ಮ ಮನೆಯಲ್ಲಿ ತಂದೆ ಹೇಳಿದ್ದು ಇಷ್ಟು: "ನೆಂಟರ ವಿಷಯ. ನಮಗ್ಯಾಕೆ? ನೀನಂತೂ ಸುಮ್ನಿರು." ನಾನು ಸಾಮಾನ್ಯವಾಗಿ ಸುಮ್ಮನಿರುವವಳೇ. ಆ ಸಂಜೆ ಹಿತ್ತಿಲ ಬಾಗಿಲಿನಿಂದ ಅವರ ಕೊಟ್ಟಿಗೆಗೆ ಹೋದೆ. ಅವರು ಬೆಳ್ಳಿ ಎಂಬ ಹಸುವಿನ ಕೆಚ್ಚಲು ತೊಳೆಯುತ್ತಿದ್ದರು.

"ಅಜ್ಜಿ, ಒಂದು ಚೂರು ಬೆಣ್ಣೆ ಕೊಡಿ. ಲ್ಯಾಬಲ್ಲಿ ನೋಡಿಸ್ತೀನಿ. ಎಣ್ಣೆ ಬೆರೆಸಿಲ್ಲ ಅಂತ ಬರೆದು ಕೊಡ್ತಾರೆ."

"ಬ್ಯಾಡ."

"ಯಾಕೆ?"

"ಕಾಗ್ದ ಹಿಡ್ಕೊಂಡು ಮನೆಮನೆ ಮುಂದೆ ನಿಂತ್ಕಬೇಕಾ ನಾನು? ಬೈದದ್ದು ನಾಕ್ ಜನದ್ ಮುಂದೆ. ಮುಗಿಯೋದೂ ನಾಕ್ ಜನದ್ ಮುಂದೇನೆ ಆಗ್ಬೇಕು." ಕೆಚ್ಚಲನ್ನು ಒರೆಸಿ, ಎದ್ದು, ನನ್ನ ಕಡೆ ತಿರುಗಿದರು. "ಅದಿರ್ಲಿ. ಓದಿದೀಯಲ್ಲ, ಯಾಕ್ ಜಾರ್ತು ಯೋಳು."

ಹೇಳಿದೆ. ಎಳೆ ಹುಲ್ಲಿನಲ್ಲೂ ಕೊಬ್ಬಿರುತ್ತದೆ, ಅದು ಸಡಿಲ ಜಾತಿಯದು, ತಂಪಿನಲ್ಲೂ ಗಟ್ಟಿಯಾಗದು. ಹಸುವಿನ ಹೊಟ್ಟೆಯಲ್ಲಿ ಅದರ ಬಹುಭಾಗ ಬದಲಾಗುತ್ತದೆ, ಆದರೂ ಒಂದಿಷ್ಟು ಹಾಲಿಗೆ ಇಳಿಯುತ್ತದೆ. ಅದಕ್ಕೇ ಮೇದ ಹಸುವಿನ ಬೆಣ್ಣೆ ಮೆತ್ತಗೆ. ಹುಲ್ಲಿನ ಬಣ್ಣವೇ ಅದರ ಹಳದಿ. ಹತ್ತಿಕಾಳು ತಿಂದ ಹಸುವಿನ ಬೆಣ್ಣೆಯಲ್ಲಿ ಗಟ್ಟಿ ಜಾತಿಯ ಕೊಬ್ಬು ಹೆಚ್ಚು, ಅದು ಬೆಳ್ಳಗೆ ನಿಲ್ಲುತ್ತದೆ. ಇಷ್ಟು ವರ್ಷ ರಾತ್ರಿಯ ಆ ಒಂದು ಹಿಡಿ ಹಿಂಡಿ ಸಾಕಾಗಿತ್ತು, ಈ ಸಲ ಅದೂ ಇಲ್ಲ, ಮೇಲೆ ಲೈಟಿನ ಬಿಸಿ. ಎರಡೂ ಬೆಣ್ಣೆಯೇ. ಒಂದು ಸ್ವಲ್ಪ ಕಡಲೆಕಾಯಿ ಎಣ್ಣೆಯ ಸ್ವಭಾವದ್ದು, ಇನ್ನೊಂದು ಚಳಿಗಾಲದ ಕೊಬ್ಬರಿ ಎಣ್ಣೆಯ ಸ್ವಭಾವದ್ದು.

ಅವರ ಮುಖ ಕೆಂಪಾಯಿತು. "ಅಂದ್ರೆ ನನ್ ಬೆಣ್ಣೇಲಿ ಎಣ್ಣೆ ಅದೆ ಅಂತ್ಲೇ ನೀನೂ ಅಂತೀಯ."

"ಅಯ್ಯೋ, ನೀವು ಬೆರೆಸಿದ್ದಲ್ಲ ಅಜ್ಜಿ. ಹಸುನೇ ಹಾಗೆ ಮಾಡುತ್ತೆ."

"ಈಗ ಹಸಿನ್ ಮೇಲೆ ದೂರಾ? ನಿಮ್ ದೊಡ್ಡಪ್ಪನೇ ವಾಸಿ, ನನ್ ಮೇಲೆ ಮಾತ್ರ ಯೋಳ್ದ."

ಹೋಲಿಕೆ ಕೊಟ್ಟದ್ದೇ ತಪ್ಪಾಯಿತು. ಅವರು ಹಾಲು ಕರೆಯಲು ಕೂತರು, ನಾನು ನಿಂತೇ ಇದ್ದೆ. ಪಾತ್ರೆ ಅರ್ಧ ತುಂಬಿತು. ಆಮೇಲೆ ಅವರು ಬೆಳ್ಳಿಯ ಹೊಟ್ಟೆಗೆ ಹಣೆ ಆನಿಸಿಕೊಂಡೇ ಕೇಳಿದರು:

"ಅಂಗಾರೆ, ಇವಳಿಗೇ ಹತ್ತಿಕಾಳು ತಿನ್ಸಿದ್ರೆ ಇವಳೂ ಗಾರೆ ಕೊಡ್ತಾಳಾ?"

"ಕೊಡ್ತಾಳೆ. ಹತ್ತು ಹದಿನೈದು ದಿನ ಬೇಕು."

"ಖಂಡಿತವಾ?"

"ಖಂಡಿತ."

"ಫ್ರಿಜ್ಜಿನ್ ಬೆಣ್ಣೆ ಖಂಡಿತ ಅಂದ್ರೆ ಖಂಡಿತ" ಎಂದು ತಮಗೇ ಹೇಳಿಕೊಂಡರು.

ಮರುದಿನ ನಾನು ಕೆಲಸಕ್ಕೆ ಹೊರಟಾಗ ಗುರುಮಲ್ಲಪ್ಪನವರ ಅಂಗಡಿಯ ಮುಂದೆ ಜನ ನಿಂತಿದ್ದರು. ಅಂಗಡಿಯ ಕಂಬಕ್ಕೆ ಬೆಳ್ಳಿಯನ್ನು ಕಟ್ಟಲಾಗಿತ್ತು. ಅದು ಆಗಲೇ ಮೆಟ್ಟಿಲ ಮೇಲಿನ ಬೂಸದ ಮೂಟೆಗೆ ಮೂತಿ ಹಾಕಿತ್ತು.

"ಏನಜ್ಜಿ ಇದು?" ಗುರುಮಲ್ಲಪ್ಪನವರು ಕೇಳುತ್ತಿದ್ದರು.

"ಹಸ."

"ಅದು ಕಾಣುತ್ತೆ."

"ಇವಳಿಗೆ ಕಡೇ ಶನಿವಾರದವರ್ಗೂ ನಿಮ್ ಹಿಂಡಿ ನೀವೇ ತಿನ್ಸಿ. ಎರಡೊತ್ತೂ ಬಂದು ನಿಮ್ ಕಣ್ಮುಂದೆ ಕರ್ದು ಹೋಯ್ತೀನಿ. ಹಾಲು ನಿಮ್ಮನೇಲೇ ಇರ್ಲಿ, ನಿಮ್ಮನೆಯವರೇ ಹೆಪ್ಪಾಕ್ಲಿ. ಇವಳ ತಂಗಿ ಗೌರಿ ಬೆಟ್ಟದ್ ಹುಲ್ ತಿನ್ಲಿ. ಕಡೇ ಶನಿವಾರ ಗುಡಿ ಮುಂದೆ ಎರಡು ಮೊಸರೂ ಕಡೀತೀನಿ. ನೋಡನ, ಎಣ್ಣೆ ಎಲ್ಲಿಂದ ಬತ್ತದೆ ಅಂತ."

"ಇದೇನು ಕೋರ್ಟಾ ಅಜ್ಜಿ?"

"ಕೋರ್ಟಾದ್ರೆ ಕರಿ ಕೋಟು ಹಾಕ್ಕಂಡ್ ಬತ್ತಿದ್ದೆ. ಖಾಕಿ ಅಂಗಿ ಹಾಕಿವ್ನಿ, ನೋಡಿ."

ಹಿಂಡಿ ಕೊಳ್ಳಲು ಬಂದಿದ್ದ ಸುತ್ತಲಿನ ಹಳ್ಳಿಯವರು ನಕ್ಕರು. ಗುರುಮಲ್ಲಪ್ಪನವರಿಗೆ ಹಿಂದೆ ಸರಿಯುವಂತಿರಲಿಲ್ಲ. ಅಷ್ಟು ಗಿರಾಕಿಗಳ ಎದುರು ತಮ್ಮ ಹಿಂಡಿಯನ್ನು ಹಸುವಿಗೆ ತಿನ್ನಿಸಲು ಹಿಂಜರಿದರೆ ಏನೆಂದುಕೊಂಡಾರು? ಆದರೂ ಅವರು ಲೆಕ್ಕದ ಮನುಷ್ಯ. ಒಂದು ಪ್ರಶ್ನೆ ಹಾಕಿದರು.

"ಬೆಳ್ಳಿ ಹಾಲಿಗೆ ನಾನು ಸಾಕ್ಷಿ. ಗೌರಿ ಹಾಲಿಗೆ ಯಾರು? ನೀವು ನಿಮ್ಮ ಮನೇಲಿ ಏನು ಬೆರೆಸ್ತೀರೋ ಯಾರಿಗೆ ಗೊತ್ತು?"

"ನಾನು" ಎಂದೆ.

ಎಲ್ಲರೂ ತಿರುಗಿದರು. ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. "ಕರೆಯುವಾಗ ಎರಡು ಹೊತ್ತೂ ನಾನಿರ್ತೀನಿ. ಹಾಲು ನಮ್ಮ ಮನೇಲಿ ಹೆಪ್ಪಾಗುತ್ತೆ" ಎಂದು ಹೇಳಿ, ಬಸ್ಸು ಬಂದಿದ್ದರಿಂದ ಹತ್ತಿಬಿಟ್ಟೆ. ಮಧ್ಯಾಹ್ನದೊಳಗೆ ಸುದ್ದಿ ತಂದೆಗೆ ಮುಟ್ಟಿತ್ತು. ಸಂಜೆ ನಾನು ಬಂದಾಗ ಅವರು ಪೇಪರು ಹಿಡಿದುಕೊಂಡು ಜಗುಲಿಗೆ ಎದ್ದುಹೋದರು. ತಾಯಿ ಮಾತ್ರ ದೊಡ್ಡ ಕಲ್ಲಿನ ಮರಿಗೆಯನ್ನು ಅಟ್ಟದಿಂದ ಇಳಿಸಿ, ತೊಳೆದು, ಅಡುಗೆಮನೆಯ ಮೂಲೆಯಲ್ಲಿಟ್ಟಿದ್ದರು. "ಮೊಸರಿಗೆ ಸ್ಟೀಲಿಗಿಂತ ಇದೇ ಒಳ್ಳೇದು" ಎಂದರು, ಅಷ್ಟೆ.

ಆ ದಿನಗಳು ಚೆನ್ನಾಗಿದ್ದವು. ಬೆಳಗ್ಗೆ ಸಂಜೆ ಪುಟ್ಟತಾಯಮ್ಮ ಗೌರಿಯನ್ನು ಕರೆದು, ಅಲ್ಲಿಂದ ಅಂಗಡಿಗೆ ನಡೆದು ಬೆಳ್ಳಿಯನ್ನು ಕರೆಯುತ್ತಿದ್ದರು. ಗುರುಮಲ್ಲಪ್ಪನವರು ಪಟ್ಟು ಹಿಡಿದು ಉಪಚಾರ ಮಾಡಿದರು. ಹತ್ತಿಕಾಳನ್ನು ನೆನೆಸಿ, ಹಿಂಡಿಯನ್ನು ಪುಡಿಮಾಡಿ, ಬೂಸ ಕಲಸಿ ತಾವೇ ಮುಂದಿಡುತ್ತಿದ್ದರು. ಹಾಲು ಒಂದಿಷ್ಟು ಏರಿದ್ದೂ ನಿಜ. ಅದನ್ನು ಅವರು ದಾರಿಹೋಕರಿಗೆಲ್ಲ ಹೇಳುತ್ತಿದ್ದರು. ಬೆಳ್ಳಿಗೆ ಅವರನ್ನು ಕಂಡರೆ ಪ್ರೀತಿ ಬಂದು, ಅಂಗಡಿ ಬಾಗಿಲು ತೆಗೆಯುವ ಸದ್ದಿಗೇ ಅಂಬಾ ಎನ್ನತೊಡಗಿತು.

"ನೋಡವ್ವ ಇವಳ ನಿಯತ್ತ" ಎಂದು ಪುಟ್ಟತಾಯಮ್ಮ ಬೈದರು. "ಎರಡು ಹಿಡಿ ಹತ್ತಿಕಾಳಿಗೆ ಪಕ್ಷ ಬದಲಾಯಿಸ್ಬುಟ್ಲು."

ಕೊನೆಯ ಶನಿವಾರ ಗುಡಿಯ ಅಂಗಳದಲ್ಲಿ ಮೊದಲ ಶನಿವಾರಕ್ಕಿಂತ ಹೆಚ್ಚು ಜನ. ದೊಡ್ಡಪ್ಪನ ಮನೆಯಿಂದ ಒಂದು ಮೊಸರಿನ ಪಾತ್ರೆ, ನಮ್ಮ ಮನೆಯಿಂದ ಒಂದು ಮರಿಗೆ. ಪುಟ್ಟತಾಯಮ್ಮ ಅದೇ ಖಾಕಿ ಅಂಗಿಯಲ್ಲಿ, ಕಾಲು ಚಾಚಿ ಕೂತು, ಬೆಳ್ಳಿಯ ಮೊಸರನ್ನು ಮೊದಲು ಕಡೆದರು. ಬೆಣ್ಣೆ ಬಂತು, ಬೆಳ್ಳಗೆ, ಹರಳುಹರಳಾಗಿ. ಕಡೆಗೋಲನ್ನು ಬಿಸಿನೀರಿನಲ್ಲಿ ತೊಳೆದು, ಎಲ್ಲರಿಗೂ ಎತ್ತಿ ತೋರಿಸಿ, ಗೌರಿಯ ಮೊಸರಿಗೆ ಇಳಿಸಿದರು. ಹಳದಿ ಬೆಣ್ಣೆ ತೇಲಿತು. ಎರಡನ್ನೂ ಒಂದೇ ಬಿಂದಿಗೆಯ ತಣ್ಣೀರಿನಲ್ಲಿ ತೊಳೆದು, ತೆಂಗಿನಕಾಯಿಯಷ್ಟು ದೊಡ್ಡ ಎರಡು ಉಂಡೆ ಕಟ್ಟಿ, ಎರಡು ಬಾಳೆಲೆಯ ಮೇಲೆ ಗರ್ಭಗುಡಿಯ ಹೊಸ್ತಿಲ ಹತ್ತಿರ ಇಟ್ಟರು.

"ಈಗ ಹಾಕಿ ನಿಮ್ ಲೈಟು" ಎಂದರು.

ಯಾರೋ ಸ್ವಿಚ್ಚು ಒತ್ತಿದರು. ಜನ ಉಸಿರು ಬಿಗಿಹಿಡಿದು ನೋಡಿದರು ಎಂದು ಬರೆಯಬಹುದು. ಹಾಗೇನೂ ಆಗಲಿಲ್ಲ. ಬೆಣ್ಣೆ ಕರಗಲು ಹೊತ್ತು ಹಿಡಿಯುತ್ತದೆ. ಮಾತಾಡಿಕೊಂಡರು, ಕೆಮ್ಮಿದರು, ಇಬ್ಬರು ಹೊರಗೆ ಹೋಗಿ ಕಾಫಿ ಕುಡಿದು ಬಂದರು. ಪುಟ್ಟತಾಯಮ್ಮ ಮಾತ್ರ ಸೊಂಟಕ್ಕೆ ಕೈಕೊಟ್ಟು ಉಂಡೆಗಳನ್ನೇ ನೋಡುತ್ತ ನಿಂತಿದ್ದರು. ಹಳದಿ ಉಂಡೆಯ ಬುಡ ಮಿರುಗಿತು. ಮೈಯೆಲ್ಲ ಬೆವರಿದಂತಾಯಿತು. ಆಮೇಲೆ ಒಂದು ಪಕ್ಕಕ್ಕೆ ವಾಲಿ, ಎಲೆಯ ನರದ ಗುಂಟ ಹರಿಯಿತು. ಬಿಳಿಯ ಉಂಡೆ ಕೂತಲ್ಲೇ ಕೂತಿತ್ತು. ಅದರ ಮೇಲೆ ಅವರ ಬೆರಳಿನ ಗುರುತುಗಳು ಕೂಡ ಅಳಿಸಿರಲಿಲ್ಲ.

"ಎರಡೂ ನನ್ ಹಸಗಳವೆ. ಎರಡೂ ನನ್ ಕೈಯವೆ. ಒಂದರ ಹಾಲು ಅವ್ರ ಮನೇದು, ಒಂದರ ಹಾಲು ಈ ಕೂಸಿನ ಮನೇದು. ಎಣ್ಣೆ ಯಾವಾಗ ಬೆರಸ್ದೆ ನಾನು, ಯೋಳಿ."

ಗುರುಮಲ್ಲಪ್ಪನವರು ಬಗ್ಗಿ ಎರಡನ್ನೂ ಮುಟ್ಟಿ ನೋಡಿದರು. ಹಳದಿಯದನ್ನು ನಾಲಿಗೆಗೂ ಇಟ್ಟುಕೊಂಡರು. ನಂತರ ನನ್ನ ಕಡೆ ತಿರುಗಿದರು.

"ನೀನು ಓದಿದವಳು. ನೀನೇ ಹೇಳಮ್ಮ. ಇದರಲ್ಲಿ ಏನಿದೆ?"

ತಂದೆಯೂ ಅಲ್ಲಿದ್ದರು. ವಿವರಿಸಲು ನನ್ನ ಬಳಿ ಬಹಳವಿತ್ತು. ಹೋಲಿಕೆಗಳ ಗತಿ ಏನಾಗುತ್ತದೆಂದು ಕೊಟ್ಟಿಗೆಯಲ್ಲಿ ಕಲಿತಿದ್ದೆ.

"ಎಣ್ಣೆ ಇಲ್ಲ ದೊಡ್ಡಪ್ಪ. ಹುಲ್ಲಿದೆ."

ಅವರು ನೆಟ್ಟಗೆ ನಿಂತು, ಜನರಿಗೆಲ್ಲ ಕೇಳುವಂತೆ ಹೇಳಿದರು: "ಎಣ್ಣೆ ಅಂದದ್ದು ನನ್ನ ತಪ್ಪು ಅಜ್ಜಿ. ಹೇಳಬಾರದಿತ್ತು." ಹಿಂದೆಯೇ ಸೇರಿಸಿದರು, "ಆದರೆ ಒಂದು ಮಾತು. ಅಲಂಕಾರಕ್ಕೆ ನಿಲ್ಲೋ ಬೆಣ್ಣೆ ಬೇಕು. ಇನ್ನು ಮೇಲೆ ಆಷಾಢದಿಂದಲೇ ನಿಮ್ಮ ಹಸುಗಳಿಗೆ ಹತ್ತಿಕಾಳು ಕಳಿಸ್ತೀನಿ, ಪುಕ್ಕಟೆ. ಕಟ್ಟಿಹಾಕಿ ತಿನ್ನಿಸಿ. ಅಲಂಕಾರ ಎಂದಿನಂತೆ ನಿಮ್ಮದೇ ಇರಲಿ."

ನ್ಯಾಯವಾದ ಮಾತು ಎಂದು ಎಲ್ಲರಿಗೂ ಅನ್ನಿಸಿತು. ನನಗೂ ಅನ್ನಿಸಿತು. ಅರ್ಚಕರು ತಲೆದೂಗಿದರು. ಪುಟ್ಟತಾಯಮ್ಮ ಬಾಳೆಲೆಯ ಕಡೆ ನೋಡಿದರು, ಗರ್ಭಗುಡಿಯ ಕಡೆ ನೋಡಿದರು.

"ಮೊಣಕಾಲ್ ಮಟ್ಟ ಹುಲ್ ಬೆಳ್ದಿರೋ ಕಾಲ್ದಲ್ಲಿ ಹಸೀನ ಕಟ್ಟಾಕು ಅಂತೀರಾ? ಅದು ನನ್ ಕೈಲಾಗಲ್ಲ."

"ಒಂದು ತಿಂಗಳ ಮಾತು ಅಜ್ಜಿ. ದೇವರ ಕೆಲಸ."

"ದೇವ್ರು ಬೆಣ್ಣೆ ಕೇಳೋದು ತಿನ್ನಕೆ. ಅಂಗಿ ಹೊಲ್ಸಕ್ಕಲ್ಲ."

ಅಷ್ಟು ಹೇಳಿ, ಎಲೆಯ ಮೇಲೆ ಉಳಿದಿದ್ದ ಹಳದಿ ಬೆಣ್ಣೆಯಲ್ಲಿ ಒಂದು ಚಿಕ್ಕ ಉಂಡೆ ಮಾಡಿ ಅರ್ಚಕರ ಕೈಗಿಟ್ಟರು. "ಅವನ ಎಡಗೈ ಮೇಲಿಡಿ" ಎಂದರು. ಸೊಂಟದ ಮೇಲಿಟ್ಟ ಎಡಗೈ. ಹಾಗಾಗಿ ನಮಗೆ ಕಾಣುವುದು ಅದರ ಹಿಂಬದಿ. ಅರ್ಚಕರು ಇಟ್ಟರು. ಎಷ್ಟು ಹೊತ್ತಾದರೂ ಪುಟ್ಟತಾಯಮ್ಮ ಅಲ್ಲಿಂದ ಕದಲಲಿಲ್ಲ. ಉಂಡೆ ಮಿರುಗಿ, ಕಲ್ಲಿನ ಗೆಣ್ಣುಗಳ ಮೇಲೆ ಜಾರಿ, ಕೆಳಗಿನ ತಟ್ಟೆಗೆ ಬಿದ್ದಾಗ, "ತಿಂದ" ಎಂದು ಹೇಳಿ, ಅಂಗಡಿಗೆ ಹೋಗಿ ಬೆಳ್ಳಿಯ ಹಗ್ಗ ಬಿಚ್ಚಿಕೊಂಡು ಮನೆಗೆ ಹೊರಟರು.

ಹಾಲಿನ ಪಾತ್ರೆಗಳು ಮತ್ತೆ ಗೇಟಿಗೆ ಬಂದವು. ಅಲಂಕಾರಕ್ಕೆ ಬಿಳಿಯ ಬೆಣ್ಣೆ ಬೇರೆ ಕಡೆಯಿಂದ ಬರತೊಡಗಿತು. ಅಜ್ಜಿ ಗೆದ್ದೂ ಸೋತರು ಎಂದು ಬೀದಿಯವರು ಹೇಳುತ್ತಿದ್ದರು. ನಾನು ಒಮ್ಮೆ ಕೇಳಿಯೂಬಿಟ್ಟೆ, ಬೇಜಾರಿಲ್ಲವೇ ಎಂದು. "ನನ್ ಹೆಸರು ನಂಗೆ ಬಂತು. ಹಸಿನ್ ಕಾಲು ಹಸಿಗೆ ಉಳೀತು. ಇನ್ನೇನ್ ಬೇಕು?" ಎಂದರು. ಬೇಜಾರಿಲ್ಲ ಎಂದು ಮಾತ್ರ ಹೇಳಲಿಲ್ಲ. ಮುಂದಿನ ಶ್ರಾವಣಗಳಲ್ಲಿ ಪ್ರತಿ ಶನಿವಾರ ಮುತ್ತುಗದ ಎಲೆಯಲ್ಲಿ ಒಂದು ಉಂಡೆ ತಂದು, ಸರದಿಯಲ್ಲಿ ನಿಂತು, ಬಿಳಿಯ ಅಲಂಕಾರದ ಮೇಲೆ ಆ ಎಡಗೈಗೇ ಇಡಿಸಿ, ಅದು ಜಾರುವವರೆಗೆ ಅಡ್ಡ ನಿಂತಿರುತ್ತಿದ್ದರು. ಹಿಂದಿನವರು ಗೊಣಗಿದರೆ, "ಊಟ ಮಾಡೋರ್ನ ಅವಸರ ಮಾಡ್ಬಾರ್ದು" ಎನ್ನುತ್ತಿದ್ದರು.

ಖಾಲಿ ಸೈಟುಗಳು ಮನೆಗಳಾದವು. ತಪ್ಪಲಿನ ಕಡೆ ಹೋಗುವ ದಾರಿಗೆ ಯಾರದೋ ಕಾಂಪೌಂಡು ಬಂತು, ಆಮೇಲೆ ತಂತಿಬೇಲಿ. ಪುಟ್ಟತಾಯಮ್ಮ ಸುತ್ತಿ ಬಳಸಿ ಇನ್ನೂ ದೂರ ನಡೆದರು. ಮಂಡಿ ಬಾತುಕೊಂಡಿತು. ಹಸುಗಳನ್ನು ಕಟ್ಟಿ ಸಾಕಿ ಎಂದು ಎಲ್ಲರೂ ಹೇಳಿದರು, ಡಾಕ್ಟರೂ ಹೇಳಿದರು. ಅವರು ಎರಡನ್ನು ಮಾರಿ, ಬೆಳ್ಳಿ ಗೌರಿಯರನ್ನು ಕರೆದುಕೊಂಡು ತಿ. ನರಸೀಪುರದ ಕಡೆ ನಾಲೆಯ ದಂಡೆಯಲ್ಲಿದ್ದ ತಂಗಿಯ ಊರಿಗೆ ಹೊರಟುಬಿಟ್ಟರು. "ಹುಲ್ ಇಲ್ಲಿಗ್ ಬರಲ್ವಲ್ಲ. ನಾವೇ ಹೋಗ್ಬೇಕು" ಎಂದರು.

ಹೊರಡುವ ಹಿಂದಿನ ದಿನ ಹಿತ್ತಿಲ ಗೋಡೆಯ ಬಳಿ ನನ್ನನ್ನು ಕರೆದರು. ಚಳಿಗಾಲ. ಹಸುಗಳು ಒಣಹುಲ್ಲು ತಿನ್ನುತ್ತಿದ್ದ ದಿನಗಳು.

"ಕೈ ಬೋರಲು ಹಾಕು."

ಹಾಕಿದೆ. ಬೆಣ್ಣೆ ಕೂತಲ್ಲೇ ಕೂತಿತು. ಇಬ್ಬರೂ ಕಾದೆವು.

"ಇವತ್ ಕರಗಲ್ಲ ಬುಡು" ಎಂದರು. "ಒಣಗಿದ್ದು ತಿಂದ್ರೆ ಅಂಗೇ. ಮಳೆ ಬಂದ್ಮೇಲೆ ಊರಿಗ್ ಬಾ. ಆಗ ನೋಡೀವಂತೆ." ಆಮೇಲೆ ತಾವೇ ಆ ಉಂಡೆಯನ್ನು ನನ್ನ ಕೈಯಿಂದ ತೆಗೆದು ನನ್ನ ಬಾಯಿಗಿಟ್ಟರು. ಅಷ್ಟು ವರ್ಷದಲ್ಲಿ ಅವರು ಹಾಗೆ ಮಾಡಿದ್ದು ಅದೊಂದೇ ಸಲ.

ಮಳೆ ಬರುವ ಮೊದಲೇ ಅವರ ತಂಗಿ ಫೋನು ಮಾಡಿದರು. ಮಣ್ಣಿಗೆ ಹೋಗಿ ಬಂದೆ. ಆ ದಿನದ ಬಗ್ಗೆ ಬರೆಯುವುದಿಲ್ಲ.

ಈ ವರ್ಷ ಶ್ರಾವಣದ ಶುಕ್ರವಾರ ಕೆಲಸಕ್ಕೆ ರಜೆ ಹಾಕಿ ಆ ಊರಿನ ಬಸ್ಸು ಹತ್ತಿದೆ. ಗೌರಿ ನಾಲೆಯ ಏರಿಯ ಮೇಲೆ ಮೇಯುತ್ತಿತ್ತು. ತಂಗಿ ಕಡೆದುಕೊಟ್ಟ ಬೆಣ್ಣೆಯನ್ನು ಟಿಫಿನ್ ಡಬ್ಬಿಯಲ್ಲಿ ಹಾಕಿ, ಒದ್ದೆ ಬಟ್ಟೆ ಸುತ್ತಿ ತಂದೆ. ಮರುದಿನ ಗುಡಿಯಲ್ಲಿ ಸರದಿ ಉದ್ದವಿತ್ತು. ಅಲಂಕಾರ ಬಹಳ ಚೆನ್ನಾಗಿತ್ತು, ಬೆಳ್ಳಗೆ, ಒಂದು ಗೆರೆಯೂ ಕದಲದೆ. ಅರ್ಚಕರು ಹೊಸಬರು. ಡಬ್ಬಿಯ ಮುಚ್ಚಳ ತೆಗೆದು ನೋಡಿ ಹಿಂದಕ್ಕೆ ಚಾಚಿದರು.

"ಇದು ನಿಲ್ಲಲ್ಲಮ್ಮ. ತಟ್ಟೆಯಲ್ಲಿಡಿ, ನೈವೇದ್ಯಕ್ಕೆ ಆಗುತ್ತೆ."

"ಎಡಗೈ ಮೇಲಿಡಿ."

"ಜಾರಿ ಅಲಂಕಾರದ ಮೇಲೆಲ್ಲ ಹರಿಯುತ್ತೆ."

"ಹರಿಯಲಿ."

ಅವರು ಸಹಾಯಕ್ಕೆ ಸುತ್ತ ನೋಡಿದರು. ಕಂಬದ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಗುರುಮಲ್ಲಪ್ಪನವರು ಕೋಲೂರಿ ಎದ್ದರು. ಏನು ಹೇಳುತ್ತಾರೋ ಎಂದು ನಾನು ಡಬ್ಬಿಯನ್ನು ಬಿಗಿಯಾಗಿ ಹಿಡಿದೆ.

"ಇಡಿ ಸ್ವಾಮಿ" ಎಂದರು. "ಇಡೋವರೆಗೂ ಈ ಬೆಣ್ಣೆ ತರೋರು ಹೋಗಲ್ಲ."

ಇಟ್ಟರು. ಬಿಳಿಯ ಕೈಯ ಮೇಲೆ ಹಳದಿ ಉಂಡೆ. ಹಿಂದಿನಿಂದ ಯಾರೋ, "ಮುಂದೆ ಹೋಗಿ ಮೇಡಂ, ಎಷ್ಟು ಹೊತ್ತು" ಎಂದರು. ಇನ್ನೊಬ್ಬರು ಭುಜ ತಟ್ಟಿದರು. ಉಂಡೆಯ ಬುಡ ಆಗಷ್ಟೇ ಮಿರುಗತೊಡಗಿತ್ತು. ಅದು ಗೆಣ್ಣು ದಾಟುವವರೆಗೆ ನಾನು ಜರುಗಲಿಲ್ಲ.